ಬೈಬಲ್ ಕೆಳಗಿಟ್ಟ ಪತ್ರಗಳು

(ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ನನ್ನ ಬಳಿ ಸಲಹೆ ಕೇಳಿ ಬಂದವರು ಗಂಡ ಹೆಂಡತಿ. ಗಂಡನ ಕೆಲಸ ಹೋಗಿ ಕೆಲವು ತಿಂಗಳಾಗಿತ್ತು. ಸಾಲದ ಕಂತು ನಿಂತಿತ್ತು. ಬ್ಯಾಂಕಿನಿಂದ ಬಂದ ಪತ್ರಗಳನ್ನು ಗಂಡ ಒಡೆದೇ ನೋಡಿರಲಿಲ್ಲ. ಬೈಬಲ್ ಕೆಳಗೆ ಒಂದರ ಮೇಲೊಂದು ಇಡುತ್ತಾ ಬಂದಿದ್ದರು. "ಹಿಜ್ಕೀಯ ಅರಸನೂ ಪತ್ರವನ್ನು ದೇವರ ಮುಂದೆ ಇಟ್ಟ ಅಲ್ವಾ? ನಾನೂ ಅದನ್ನೇ ಮಾಡಿದ್ದೀನಿ" ಎಂದರು. ಹಿಜ್ಕೀಯ ಬೈಬಲಿನಲ್ಲಿ ಬರುವ ಯೆಹೂದದ ಅರಸ.

ಹೆಂಡತಿ ಮನೆಯ ಖರ್ಚು ಬರೆದಿಡುತ್ತಿದ್ದರು. ಅದನ್ನು ಕಂಡಾಗಲೆಲ್ಲ ಗಂಡ "ನಿನಗೆ ವಿಶ್ವಾಸ ಸಾಲದು" ಎನ್ನುತ್ತಿದ್ದರಂತೆ. ಸಾಲಕ್ಕಿಂತ ಆ ಮಾತೇ ಆಕೆಗೆ ಜಾಸ್ತಿ ನೋವು ಕೊಟ್ಟಿತ್ತು. ರಾತ್ರಿ ನಿದ್ದೆ ಇಲ್ಲ, ಪ್ರಾರ್ಥನೆಗೆ ಕೂತರೆ ಮಾತು ಹೊರಡುವುದಿಲ್ಲ ಎಂದು ಅತ್ತರು.

ದೇವರು ಒದಗಿಸುತ್ತಾನೆ ಎಂಬ ನಂಬಿಕೆ ನನ್ನದೂ ಹೌದು. ಆದ್ದರಿಂದ ಗಂಡನ ಜೊತೆ ವಾದಕ್ಕೆ ಇಳಿಯಲಿಲ್ಲ. ಅವರು ಹೇಳಿದ ಪ್ರಸಂಗವನ್ನೇ ಓದೋಣ ಎಂದೆ. ಬೈಬಲಿನ 2 ಅರಸುಗಳು ಪುಸ್ತಕದ 19:14 ಅನ್ನು ಅವರೇ ಓದಿದರು. ಅಶ್ಶೂರದ ಅರಸನ ಬೆದರಿಕೆ ಪತ್ರವನ್ನು ಹಿಜ್ಕೀಯ ದೂತರ ಕೈಯಿಂದ ತೆಗೆದುಕೊಂಡು ಮೊದಲು ಓದುತ್ತಾನೆ. ಆಮೇಲೆ ಆಲಯಕ್ಕೆ ಹೋಗಿ ಯೆಹೋವನ ಮುಂದೆ ಬಿಚ್ಚಿಡುತ್ತಾನೆ. ಅಲ್ಲಿಗೆ ಬಂದಾಗ ಅವರು ಓದುವುದನ್ನು ನಿಲ್ಲಿಸಿದರು. ಮುಂದೆ 17ನೇ ವಚನದಲ್ಲಿ ಅರಸ ಏನನ್ನೂ ಮುಚ್ಚಿಡುವುದಿಲ್ಲ. ಅಶ್ಶೂರದವರು ಜನಾಂಗಗಳನ್ನು ಹಾಳುಮಾಡಿದ್ದು ನಿಜ ಎಂದು ದೇವರ ಮುಂದೆಯೇ ಒಪ್ಪಿಕೊಳ್ಳುತ್ತಾನೆ. ಅದಕ್ಕೂ ಮೊದಲೇ ಪ್ರವಾದಿ ಯೆಶಾಯನ ಹತ್ತಿರ ಜನ ಕಳಿಸಿ, ನಮಗಾಗಿ ಪ್ರಾರ್ಥಿಸು ಎಂದು ಕೇಳಿರುತ್ತಾನೆ.

"ನಿಮ್ಮ ಕಷ್ಟ ಯಾರಿಗೆ ಗೊತ್ತಿದೆ?" ಎಂದು ಕೇಳಿದೆ. ಯಾರಿಗೂ ಇಲ್ಲ. ಕೆಲಸ ಹೋದ ಹೊಸದರಲ್ಲಿ, ದೇವರು ಎಲ್ಲ ನೋಡಿಕೊಳ್ಳುತ್ತಿದ್ದಾನೆ ಎಂದು ಗಂಡ ಚರ್ಚಿನ ಸಭೆಯಲ್ಲಿ ಎಲ್ಲರೆದುರು ಸಾಕ್ಷಿ ಹೇಳಿದ್ದರು. ಈಗ ಕೈ ಖಾಲಿ ಎಂದರೆ ದೇವರ ಹೆಸರಿಗೆ ಕುಂದು ಅಂದುಕೊಂಡಿದ್ದರು. ಪತ್ರ ಒಡೆಯದೆ ಇದ್ದರೆ ಆ ದಿನದ ಭಯ ತಪ್ಪುತ್ತದೆ ನಿಜ. ಆದರೆ ಭಯ ಒಳಗೇ ಬೆಳೆಯುತ್ತದೆ, ಬಡ್ಡಿಯೂ ಬೆಳೆಯುತ್ತದೆ.

ಅವರಿಗೆ ಬಾಯಿಪಾಠವಿದ್ದ ಇನ್ನೊಂದು ವಚನ ಫಿಲಿಪ್ಪಿ 4:19. ದೇವರು ನಿಮ್ಮ ಕೊರತೆಗಳನ್ನೆಲ್ಲ ನೀಗಿಸುವನು ಎಂಬ ಮಾತು. ಅದರ ಹಿಂದಿನ ವಚನವನ್ನು ಅವರು ಗಮನಿಸಿರಲಿಲ್ಲ. ಈ ಪತ್ರ ಬರೆದ ಅಪೊಸ್ತಲ ಪೌಲ ಆಗ ಸೆರೆಯಲ್ಲಿದ್ದ. ಫಿಲಿಪ್ಪಿ ಊರಿನ ಸಭೆಯವರು ಕೊಟ್ಟದ್ದನ್ನು ಅವರ ಕಡೆಯ ಎಪಫ್ರೊದೀತ ತಲುಪಿಸಿದ್ದ. ಆ ಕೆಲಸದಲ್ಲಿ ಕಾಯಿಲೆ ಬಿದ್ದು ಸಾಯುವ ಸ್ಥಿತಿಗೂ ಬಂದಿದ್ದ. ಅದನ್ನೆಲ್ಲ ಪಡೆದ ಪೌಲ, ಕೊಟ್ಟವರಿಗೇ ಬರೆದ ಮಾತದು. ನನ್ನ ಅನುಭವದಲ್ಲೂ ದೇವರು ಒದಗಿಸುವುದು ಬಹಳ ಸಲ ಮನುಷ್ಯರ ಕೈಯಿಂದಲೇ. ಕೊರತೆ ಇದೆ ಎಂದೇ ಗೊತ್ತಿಲ್ಲದಿದ್ದರೆ ಆ ಕೈ ಚಾಚುವುದಾದರೂ ಹೇಗೆ?

ನಾನು ಕೊಟ್ಟ ಸಲಹೆ ಇದು. ಇವತ್ತೇ ಇಬ್ಬರೂ ಕೂತು ಪತ್ರಗಳನ್ನು ಒಡೆಯಿರಿ. ಯಾವುದು, ಎಷ್ಟು, ಯಾವಾಗ ಕಟ್ಟಬೇಕು ಎಂದು ಒಂದೇ ಹಾಳೆಯಲ್ಲಿ ಬರೆಯಿರಿ. ಆ ಹಾಳೆ ಮುಂದಿಟ್ಟುಕೊಂಡು ಪ್ರಾರ್ಥಿಸಿ, ಒಂದೊಂದನ್ನೂ ಹೆಸರು ಹಿಡಿದು ಹೇಳಿ. ಅಂದು ಬೇರೆ ಯಾವ ತೀರ್ಮಾನವೂ ಬೇಡ. ಮರುದಿನ ಬ್ಯಾಂಕಿಗೆ ಹೋಗಿ ಕಂತು ಕಡಿಮೆ ಮಾಡಬಹುದೇ ಎಂದು ಕೇಳಿ. ಈ ಸಾಲ ತೀರಿಸಲು ಇನ್ನೊಂದು ಸಾಲ ಮಾತ್ರ ಮಾಡಬೇಡಿ. ಸಭೆಯಲ್ಲಿ ನಂಬಿಕಸ್ಥರೊಬ್ಬರಿಗೆ ನಿಜ ಹೇಳಿ.

ಹೆಂಡತಿಗೆ, ಲೆಕ್ಕ ಬರೆಯುವುದನ್ನು ಬಿಡಬೇಡಿ ಎಂದೆ. ಐಗುಪ್ತದಲ್ಲಿ (ಈಜಿಪ್ಟ್) ಯೋಸೇಫ 7 ಸುಭಿಕ್ಷದ ವರ್ಷಗಳ ಬೆಳೆಯಲ್ಲಿ ಐದರಲ್ಲೊಂದು ಪಾಲನ್ನು ಮುಂದಿನ ಬರಗಾಲಕ್ಕೆ ಕೂಡಿಡಲು ಹೇಳಿದ್ದು ಅವಿಶ್ವಾಸದಿಂದಲ್ಲ. "ನಾಳೆಗಾಗಿ ಚಿಂತಿಸಬೇಡಿ" ಎಂದ ಯೇಸು ಲೆಕ್ಕ ಬರೆಯಬೇಡಿ ಎಂದಿಲ್ಲ. ಹಾಗೆಂದು ಗಂಡನ ಎದುರಲ್ಲೇ ಹೇಳಿದೆ, ಅವರು ಕೇಳಿಸಿಕೊಳ್ಳಲೇಬೇಕಿತ್ತು.

ಸಾಲ ಇನ್ನೂ ತೀರಿಲ್ಲ. ಬ್ಯಾಂಕ್ ಅವಧಿ ಹೆಚ್ಚಿಸಿ ಕಂತು ಇಳಿಸಿದೆ. ಸಭೆಯವರೊಬ್ಬರು ತಿಳಿಸಿದ ಕೆಲಸಕ್ಕೆ ಗಂಡ ಸೇರಿದ್ದಾರೆ, ಸಂಬಳ ಮೊದಲಿಗಿಂತ ಕಡಿಮೆ. ಹೆಂಡತಿಯ ನಿದ್ದೆ ಪೂರ್ತಿ ಸರಿಹೋಗಿಲ್ಲ. ಅದಕ್ಕಾಗಿ ವೈದ್ಯರನ್ನು ಕಾಣಲು ಹೇಳಿದ್ದೇನೆ.