ಲ್ಯಾಪ್‌ಟಾಪ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದೆ, ಪಿಎಚ್‌ಡಿ ಪ್ರಬಂಧವೆಲ್ಲ ಅದರಲ್ಲೇ ಇದೆ. ಏನು ಮಾಡಲಿ?

ಮೊದಲು ಲ್ಯಾಪ್‌ಟಾಪ್ ಆರಿಸಿ. ಇದನ್ನು ಓದಿ ಮುಗಿಸಿದ ಮೇಲಲ್ಲ, ಈಗಲೇ. ನಿನ್ನೆಯಿಂದ ಆರು ಸಲ ಆನ್ ಮಾಡಿ ನೋಡಿದೆ, ಡಿಸ್ಕ್ ಒಮ್ಮೆ ಕಾಣಿಸಿ ಮತ್ತೆ ಮಾಯವಾಯಿತು ಎಂದು ಬರೆದಿದ್ದೀರಿ. ಏಳನೆಯ ಸಲ ಬೇಡ.

ಆ ಸದ್ದು ಏನೆಂದು ಹೇಳಿದರೆ ನನ್ನ ಅವಸರ ನಿಮಗೆ ಅರ್ಥವಾದೀತು. ಲ್ಯಾಪ್‌ಟಾಪ್‌ನ ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಷ್ಟು ನುಣುಪಾದ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಓದುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೊಮೀಟರ್ ಮೇಲೆ ತೇಲುತ್ತಿರುತ್ತದೆ. ಹೆಡ್ ಕೆಟ್ಟಾಗ ಅದಕ್ಕೆ ತಾನು ಎಲ್ಲಿದ್ದೇನೆಂಬ ಗುರುತು ಸಿಗುವುದಿಲ್ಲ. ಹಿಂದೆ ಸರಿಯುತ್ತದೆ, ಮತ್ತೆ ಬಂದು ಹುಡುಕುತ್ತದೆ, ಮತ್ತೆ ಸರಿಯುತ್ತದೆ. ನಿಮಗೆ ಕೇಳಿಸುತ್ತಿರುವುದು ಬಹುಮಟ್ಟಿಗೆ ಇದೇ ಪರದಾಟ. ಈ ನಡುವೆ ಹೆಡ್ ತಟ್ಟೆಗೆ ತಗುಲಿದರೆ ಮೇಲಿನ ಲೇಪ ಕೆರೆದುಹೋಗುತ್ತದೆ. ನಿಮ್ಮ ಪ್ರಬಂಧ ಇರುವುದು ಆ ಲೇಪದಲ್ಲಿ. ಅದು ಪುಡಿಯಾಗಿ ಉದುರಿದ ಮೇಲೆ ಎಂಥ ನುರಿತವರೂ ಕೈಚೆಲ್ಲುತ್ತಾರೆ.

ಇನ್ನು ಪುಕ್ಕಟೆ ಸಲಹೆಗಳು ಸಾಲುಗಟ್ಟಿ ಬರುತ್ತವೆ. ಡಿಸ್ಕನ್ನು ಫ್ರಿಜ್‌ನಲ್ಲಿಡಿ ಎನ್ನುವವರಿದ್ದಾರೆ. ಹೊರತೆಗೆದಾಗ ಒಳಗೆಲ್ಲ ತೇವ ಕೂರುತ್ತದೆ. ಬಿಚ್ಚಿ ನೋಡೋಣ ಎನ್ನುವ ಪಕ್ಕದ ಮನೆಯ ಹುಡುಗನ ಕೈಗೂ ಕೊಡಬೇಡಿ. ಫ್ಯಾನಿನ ಗಾಳಿಯಲ್ಲಿ ಹಾರುವ ಧೂಳಿನ ಒಂದು ಕಣ ಆ ಹೆಡ್‌ಗೆ ಬಂಡೆಗಲ್ಲಿದ್ದಂತೆ. ವಿಂಡೋಸ್‌ನ ಡಿಸ್ಕ್ ದೋಷ ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಬೇಡಿ, ಅದು ಸಾಯುತ್ತಿರುವ ಡಿಸ್ಕ್ ಮೇಲೆಯೇ ಬರೆಯಲು ಹೋಗುತ್ತದೆ. ಸದ್ದು ಮಾಡುವ ಡಿಸ್ಕ್‌ಗೆ ಇರುವುದು ಒಂದೇ ದಾರಿ: ಧೂಳಿಲ್ಲದ ಕೋಣೆಯಲ್ಲಿ ಅದೇ ಮಾದರಿಯ ಬೇರೆ ಡಿಸ್ಕ್‌ನ ಹೆಡ್ ಜೋಡಿಸಿ ಓದಿಸುವ ದತ್ತಾಂಶ ಮರುಪಡೆಯುವವರು. ಖರ್ಚು ಜಾಸ್ತಿ. ಕೊಡುವ ಮೊದಲು ಒಂದು ಮಾತು ಕೇಳಿ: ಕಡತ ಸಿಗದಿದ್ದರೂ ಹಣ ಕೊಡಬೇಕೇ?

ಸದ್ದಿಲ್ಲದೆ ಬರೀ ನಿಧಾನವಾಗಿದ್ದರೆ ಮಾತು ಬೇರೆಯಾಗುತ್ತಿತ್ತು. ಆಗ ವಿಂಡೋಸ್ ಬದಲು ಬಳಸುವ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದೆ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಬಾಚಿಕೊಂಡು, ಕೆಟ್ಟ ಭಾಗದ ಗೊಡವೆಗೆ ಕೊನೆಯಲ್ಲಿ ಹೋಗುತ್ತದೆ. ಇಡೀ ಡಿಸ್ಕ್‌ನ ಪ್ರತಿ ಇನ್ನೊಂದು ಡಿಸ್ಕ್‌ಗೆ ಬಂದ ಮೇಲೆ ಹುಡುಕಾಟವೆಲ್ಲ ಆ ಪ್ರತಿಯ ಮೇಲೆ.

ನನಗೆ ಇಷ್ಟೆಲ್ಲ ತಿಳಿದದ್ದು ಕೈ ಸುಟ್ಟುಕೊಂಡ ಮೇಲೆ. ಮೈಸೂರಿನಲ್ಲಿ ಡಿಟಿಪಿ ಕೆಲಸ ನನ್ನದು. 2018ರ ಮಳೆಗಾಲದಲ್ಲಿ 240 ಪುಟಗಳ ಒಂದು ಅಭಿನಂದನ ಗ್ರಂಥ ಮುದ್ರಣಕ್ಕೆ ಹೋಗಲು ನಾಲ್ಕು ದಿನವಿತ್ತು, ಡಿಸ್ಕ್ ಟಿಕ್ ಎಂದಿತು. ನಾನು ಗಾಬರಿಯಾಗಲಿಲ್ಲ. ಪ್ರತಿ ಶನಿವಾರ ತಪ್ಪದೆ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಎಲ್ಲವನ್ನೂ ನಕಲು ಮಾಡುತ್ತಿದ್ದ ಶಿಸ್ತಿನ ಮನುಷ್ಯ ನಾನು! ಚಹಾ ಕುಡಿದು, ಹೆಂಡತಿಯ ಲ್ಯಾಪ್‌ಟಾಪ್‌ಗೆ ಅದನ್ನು ಸಿಕ್ಕಿಸಿ, ಗ್ರಂಥದ ಫೋಲ್ಡರ್ ಮೇಲೆ ಒತ್ತಿದೆ. ತೆರೆಯಲಿಲ್ಲ. ಮತ್ತೆ ಒತ್ತಿದೆ. ಆಮೇಲೆ ಕಣ್ಣಿಗೆ ಬಿತ್ತು, ಚಿತ್ರದ ಕೆಳಮೂಲೆಯಲ್ಲಿ ಒಂದು ಪುಟ್ಟ ಬಾಣ. ಗಾತ್ರ ನೋಡಿದರೆ 2 ಕೆಬಿ. ನಾನು ವಾರವಾರವೂ ಭಕ್ತಿಯಿಂದ ನಕಲು ಮಾಡಿದ್ದು ಡೆಸ್ಕ್‌ಟಾಪ್ ಮೇಲಿದ್ದ ಶಾರ್ಟ್‌ಕಟ್. ಮನೆಯನ್ನು ಬಿಟ್ಟು ಮನೆಯ ವಿಳಾಸದ ಚೀಟಿಯನ್ನು ಲಾಕರ್‌ನಲ್ಲಿಟ್ಟಂತೆ.

ಮರುಪಡೆಯುವವರು 28,000 ರೂಪಾಯಿ ಹೇಳಿದರು, ಎರಡು ವಾರ ಬೇಕು ಎಂದರು. ದುಡ್ಡಿಗಿಂತ ಆ ಎರಡು ವಾರ ನನ್ನಲ್ಲಿರಲಿಲ್ಲ. ಸಂಪಾದಕರಿಗೆ ಕಳುಹಿಸಿದ್ದ ಕರಡಿನ ಪಿಡಿಎಫ್ ಇಮೇಲ್‌ನಲ್ಲಿ ಸಿಕ್ಕಿತು. ಆದರೆ ಅದರಿಂದ ಕನ್ನಡ ಪಠ್ಯ ನಕಲು ಮಾಡಿ ನೋಡಿ, ಒತ್ತಕ್ಷರ ಒಂದು ಕಡೆ, ದೀರ್ಘ ಇನ್ನೊಂದು ಕಡೆ ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ. ಮೂವರು ಕೂತು ಮತ್ತೆ ಬೆರಳಚ್ಚು ಮಾಡಿದೆವು. ಬಿಡುಗಡೆಯ ದಿನ ಪುಸ್ತಕವೇನೋ ಬಂತು, ಕಾಗುಣಿತದ ತಪ್ಪುಗಳ ಸಮೇತ. ಇವತ್ತಿಗೂ ಅದನ್ನು ಕಪಾಟಿನಿಂದ ತೆಗೆಯಲು ನನಗೆ ಮನಸ್ಸಾಗುವುದಿಲ್ಲ.

ಆದ್ದರಿಂದ ‘ಮುಂದೆ ಬ್ಯಾಕಪ್ ಹೇಗೆ ಮಾಡಲಿ’ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಓರೆ. ಮಾಡುವುದು ಸುಲಭ, ಮಾಡಿದ್ದನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡುವುದನ್ನು ಯಾರೂ ಮಾಡುವುದಿಲ್ಲ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಅಧ್ಯಾಯ ತೆರೆದು, ಕೊನೆಯ ಪುಟದವರೆಗೆ ಸರಿಸಿ ನೋಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ ಎಂಬ ಹಳೆಯ ಲೆಕ್ಕ ಪ್ರಬಂಧಕ್ಕೆ ಧಾರಾಳವಾಗಿ ಸಾಕು. ನನ್ನ ಹೊರಗಿನ ಪ್ರತಿ ತಂಗಿಯ ಮನೆಯ ಬೀರುವಿನಲ್ಲಿದೆ, ಹಬ್ಬಕ್ಕೆ ಹೋದಾಗ ಬದಲಾಯಿಸಿ ಬರುತ್ತೇನೆ. ಎಕ್ಸ್‌ಟರ್ನಲ್ ಡಿಸ್ಕ್ ಸದಾ ಸಿಕ್ಕಿಸಿಯೇ ಇಡಬೇಡಿ. ಸಿಡಿಲಿಗೂ, ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್‌ಗೂ ಎರಡೂ ಒಟ್ಟಿಗೆ ಬಲಿಯಾಗುತ್ತವೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಂತೂ ಇಡಲೇಬೇಡಿ. ಬಸ್ಸಿನಲ್ಲಿ ಬ್ಯಾಗ್ ಹೋದರೆ ಎರಡೂ ಹೋದವು.

ಗೂಗಲ್ ಡ್ರೈವ್‌ನಲ್ಲಿ ಉಚಿತವಾಗಿ ಸಿಗುವ 15 ಜಿಬಿ ಪಠ್ಯಕ್ಕೆ ಬೇಕಾದಷ್ಟಾಯಿತು. ಆದರೆ ಸಿಂಕ್ ಎಂಬುದು ಕನ್ನಡಿ: ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ 30 ದಿನ ಉಳಿಯುತ್ತದೆ, ಅಷ್ಟೆ.

ಹೊಸ ಲ್ಯಾಪ್‌ಟಾಪ್ ಕೊಂಡರೆ ಅದರಲ್ಲಿ ಸಾಮಾನ್ಯವಾಗಿ ಹಾರ್ಡ್ ಡಿಸ್ಕ್ ಬದಲು ಚಿಪ್‌ಗಳಲ್ಲಿ ಕಡತ ಇಡುವ ಎಸ್‌ಎಸ್‌ಡಿ ಇರುತ್ತದೆ. ಅದರೊಳಗೆ ತಿರುಗುವುದು ಏನೂ ಇಲ್ಲವಾದ್ದರಿಂದ ಟಿಕ್ ಟಿಕ್ ಎಂಬ ಮುನ್ಸೂಚನೆಯೂ ಇಲ್ಲ. ಎಷ್ಟೋ ಸಲ ಹೇಳದೆ ಕೇಳದೆ ಹೋಗಿಬಿಡುತ್ತದೆ. ಇನ್ನೊಂದು, ವಿಂಡೋಸ್‌ನಲ್ಲಿ ಇಡೀ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ ಡಿಸ್ಕ್ ಸರಿಯಿದ್ದು ಲ್ಯಾಪ್‌ಟಾಪ್ ಮಾತ್ರ ಸತ್ತಾಗಲೂ 48 ಅಂಕಿಗಳ ಕೀಲಿ ಇಲ್ಲದೆ ಏನೂ ತೆರೆಯುವುದಿಲ್ಲ. ಅದನ್ನು ಕಾಗದದಲ್ಲಿ ಬರೆದಿಡಿ. ಆ ಲ್ಯಾಪ್‌ಟಾಪ್‌ನಲ್ಲೇ ಬರೆದಿಟ್ಟ ಪುಣ್ಯಾತ್ಮರನ್ನೂ ಕಂಡಿದ್ದೇನೆ.

ಈಗ, ಹಣ ಕೊಟ್ಟು ಮರುಪಡೆಯಲು ಹೊರಡುವ ಮೊದಲು, ಫೋನಿನಿಂದ ನಿಮ್ಮ ಇಮೇಲ್‌ನ ‘ಕಳುಹಿಸಿದವು’ ವಿಭಾಗ ತೆರೆಯಿರಿ. ಮಾರ್ಗದರ್ಶಕರ ಹೆಸರು ಹಾಕಿ ಹುಡುಕಿ. ವಾಟ್ಸಾಪ್‌ನಲ್ಲಿ ಗೆಳೆಯರಿಗೆ ಓದಲು ಕಳುಹಿಸಿದ್ದು, ಪ್ರಿಂಟ್ ಅಂಗಡಿಗೆ ಕೊಟ್ಟ ಪೆನ್‌ಡ್ರೈವ್, ವಿಚಾರ ಸಂಕಿರಣಕ್ಕೆ ಕಳುಹಿಸಿದ ಲೇಖನ, ಎಲ್ಲವನ್ನೂ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಸಿಗದೆ ಉಳಿದದ್ದು ಒಂದೇ ಅಧ್ಯಾಯವಾದರೆ ಬಹುಶಃ ಆ ದುಡ್ಡು ಉಳಿಯುತ್ತದೆ.