ನಮ್ಮ ತಂಡದ ರೆಜೆಕ್ಸ್ (ಪಠ್ಯದಲ್ಲಿ ಬೇಕಾದ ಮಾದರಿ ಹುಡುಕಲು ಬರೆಯುವ ಸಂಕೇತ) ಡಾಕ್ಯುಮೆಂಟೇಶನ್ ಗೋಜಲಾಗಿದೆ. ಎಲ್ಲಿಂದ ಸರಿಮಾಡಬೇಕು?

ಮೊದಲು ಪುಟದ ತಲೆಯಲ್ಲೇ ಇದು ಯಾವ ಎಂಜಿನ್‌ನ, ಅಂದರೆ ಅದನ್ನು ಓದಿ ಹುಡುಕುವ ಯಾವ ಸಾಫ್ಟ್‌ವೇರ್‌ನ, ರೆಜೆಕ್ಸ್ ಅಂತ ಬರೆಯಿರಿ. ಗೊಂದಲ ಜಾಸ್ತಿ ಹುಟ್ಟುವುದೇ ಅಲ್ಲಿ. ‘+’ ಅಂದರೆ ‘ಒಂದು ಅಥವಾ ಹೆಚ್ಚು ಸಲ’ ಅಂತ ಎಲ್ಲರೂ ಬರೆದಿರುತ್ತಾರೆ. ಆದರೆ ಯಾವ ಆಪ್ಶನ್ನೂ ಕೊಡದೆ ಗ್ರೆಪ್ (ಫೈಲ್‌ಗಳಲ್ಲಿ ಪಠ್ಯ ಹುಡುಕುವ ಕಮಾಂಡ್) ಓಡಿಸಿದರೆ ‘+’ ಬರೀ ಕೂಡಿಸುವ ಗುರುತು, ಅಷ್ಟೇ.

‘ಬ್ಯಾಕ್‌ಸ್ಲ್ಯಾಶ್ ಡಿ (\d) ಅಂಕಿಗೆ ಹೊಂದುತ್ತದೆ’ ಅಂದರೂ ಸಾಲದು. ಯಾವ ಅಂಕಿ? ಜಾವಾಸ್ಕ್ರಿಪ್ಟ್‌ನಲ್ಲಿ 0ಯಿಂದ 9 ಮಾತ್ರ. ಪೈಥಾನ್ 3ರ ಮಾಮೂಲಿ ಸ್ಟ್ರಿಂಗ್‌ನಲ್ಲಿ ಕನ್ನಡದ ೦ಯಿಂದ ೯ ಕೂಡ ಹೊಂದುತ್ತವೆ.

ಪದದ ಅಕ್ಷರಗಳಿಗೆ ಹೊಂದುವ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ (\w) ಇನ್ನೂ ತರಲೆ. ಪೈಥಾನ್ ಜೊತೆಗೇ ಬರುವ ರೆಜೆಕ್ಸ್ ಮಾಡ್ಯೂಲ್‌ನಲ್ಲಿ ಅದಕ್ಕೊಂದು ‘+’ ಸೇರಿಸಿ ‘ಕನ್ನಡ’ ಪದದೊಳಗೆ ಹುಡುಕಿಸಿ ನೋಡಿ: ‘ಕನ’, ‘ನಡ’ ಅಂತ ಎರಡು ತುಂಡು ಸಿಗುತ್ತವೆ. ನಡುವಿನ ಅರ್ಧಾಕ್ಷರದ ಗುರುತನ್ನು ಅದು ಪದದ ಭಾಗ ಅಂತ ಲೆಕ್ಕಕ್ಕೇ ಇಡುವುದಿಲ್ಲ! ಇಂಥದ್ದೊಂದು ಉದಾಹರಣೆ ಹಾಕಿದರೆ ಸುಮ್ನೆ ಎಳೆದ ಅರ್ಧ ಪುಟದ ವಿವರಣೆ ಕಿತ್ತುಹಾಕಬಹುದು.

ಪ್ರತಿ ಪ್ಯಾಟರ್ನ್ ಪಕ್ಕ ಹೊಂದುವ ಪಠ್ಯ ಒಂದು, ಹೊಂದದ್ದು ಒಂದು ಇರಲಿ. ಎರಡನೆಯದನ್ನೇ ಎಲ್ಲರೂ ಮರೆಯುವುದು, ಅಲ್ವಾ? ಪೈಥಾನ್ ಆದರೆ ಆ ಉದಾಹರಣೆಗಳನ್ನು ಡಾಕ್‌ಟೆಸ್ಟ್ (ಡಾಕ್ಯುಮೆಂಟೇಶನ್‌ನ ಉದಾಹರಣೆಗಳನ್ನು ಓಡಿಸಿ ಪರೀಕ್ಷಿಸುವ ಮಾಡ್ಯೂಲ್) ಮೂಲಕ ಓಡಿಸಿ. ತಪ್ಪಿದ್ದರೆ ಅದೇ ಹೇಳುತ್ತದೆ.