ತರಕರಡಿಯ ಚರ್ಮ, ಕುಂಬಾರ ಕಪ್ಪೆಯ ಚರ್ಮ

ಪತ್ರ: ಕಳೆದ ಸಂಚಿಕೆಯಲ್ಲಿ ತರಕರಡಿಗೆ (ಹನಿ ಬ್ಯಾಜರ್) ನಾಲ್ಕು ಪುಟ, ಕುಂಬಾರ ಕಪ್ಪೆಗೆ ಅರ್ಧ ಪುಟ ಕೊಟ್ಟಿದ್ದೀರಿ. ‘ಹಾಗಾದ್ರೆ ತರಕರಡಿಯೇ ದೊಡ್ಡದಾ?’ ಎಂದು ನಮ್ಮ ತರಗತಿಯ ಮಕ್ಕಳು ಕೇಳುತ್ತಿದ್ದಾರೆ. ಇವೆರಡನ್ನು ಹೋಲಿಸುವುದು ಹೇಗೆ?
– ಒಬ್ಬ ಶಿಕ್ಷಕಿ, ಸಿದ್ದಾಪುರ ತಾಲ್ಲೂಕು

ಸಂಪಾದಕರ ಉತ್ತರ:

ನಮಸ್ಕಾರ ಟೀಚರ್. ಮಕ್ಕಳು ಕೇಳಿದ್ದು ಸರಿ. ಅರ್ಧ ಪುಟ ಕಡಿಮೆಯಾಯಿತು, ಒಪ್ಪುತ್ತೇನೆ.

ತೂಕ, ಹಲ್ಲು, ಧೈರ್ಯ ನೋಡಿದರೆ ಕಪ್ಪೆ ಸೋಲುತ್ತದೆ. ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಮಕ್ಕಳಿಗೆ ಚರ್ಮದಿಂದ ಶುರು ಮಾಡಿ ಹೇಳಿ.

ತರಕರಡಿಯ ಚರ್ಮ ದಪ್ಪ, ಸಡಿಲ. ಕತ್ತು ಹಿಡಿದವರನ್ನೂ ಅದು ಚರ್ಮದೊಳಗೇ ತಿರುಗಿ ಕಚ್ಚಬಲ್ಲದು. ಜೇನುಗೂಡಿಗೆ ನುಗ್ಗುವಾಗಲೂ ಇದೇ ಕಾಪಾಡುತ್ತದೆ. (ಹೆಸರಲ್ಲಿ ಕರಡಿ ಇದ್ದರೂ ಅದು ನೀರುನಾಯಿಯ ಬಳಗ.) ಆಫ್ರಿಕಾದಿಂದ ಭಾರತದವರೆಗೆ ಇದು ಹರಡಿದೆ. ನಮ್ಮ ಕಾವೇರಿ ವನ್ಯಧಾಮದಲ್ಲೂ ಕ್ಯಾಮೆರಾಕ್ಕೆ ಸಿಕ್ಕಿದೆ. ಒಂದು ಕಡೆ ಕಷ್ಟವಾದರೆ ನಡೆದು ಬೇರೆ ಕಡೆ ಹೋಗುತ್ತದೆ.

ಕಪ್ಪೆಯದು ತೆಳು, ಒದ್ದೆ ಚರ್ಮ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಉಸಿರಾಟದ ಒಂದು ಪಾಲೂ ಅಲ್ಲಿಂದಲೇ. ಹಳ್ಳದ ನೀರಿನಲ್ಲಿ ಏನು ಬೆರೆತಿದೆಯೋ ಅದೂ ಮೈಯೊಳಗೆ ಹೋಗುತ್ತದೆ.

ಈಗ ಕುಂಬಾರ ಕಪ್ಪೆಯನ್ನು ನೋಡಿ. ಕಪ್ಪೆ ತಜ್ಞ ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿದರು. ನಿಮ್ಮ ಕಡೆಯ ಕತ್ತಲೆಕಾನು ಕಾಡಿನಲ್ಲಿ, ರಾಮಪತ್ರೆ ಮರಗಳ ಜೌಗು ಕಾಡಾದ ರಾಮಪತ್ರೆ ಜಡ್ಡಿಯ ತೊರೆಗಳಲ್ಲಿ ಇದು ಇದೆ. ಹೆಣ್ಣು ನೀರಿನ ಮೇಲೆ ಬಾಗಿದ ಕಡ್ಡಿಗೋ ಬಂಡೆಗೋ ಮೊಟ್ಟೆ ಇಡುತ್ತದೆ. ಆಮೇಲೆ ಗಂಡು ಹಿಂಗಾಲಿನ ಮೇಲೆ ನಿಂತು, ತೊರೆಯ ತಳದ ಕೆಸರನ್ನು ಮುಂಗಾಲಿನಲ್ಲಿ ಬಾಚಿ, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮಡಕೆ ಮಾಡುವವರ ಕೈ ನೆನಪಾಗುತ್ತದೆ, ಅಲ್ವಾ? ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಎಂದೇ ಈ ಕೆಲಸ ಇರಬೇಕು. ಈ ಕಪ್ಪೆಗೆ ಇರುವುದು ಪಶ್ಚಿಮ ಘಟ್ಟದ ಸಣ್ಣ ತುಂಡು. ತೊರೆ ತಿರುಗಿಸಿದರೆ ಮೆತ್ತಲು ಕೆಸರೂ ಇಲ್ಲ, ಹೋಗಲು ಬೇರೆ ಜಾಗವೂ ಇಲ್ಲ.

ಹಾಗಾಗಿ ನನ್ನನ್ನು ಕೇಳಿದರೆ, ಕಾಳಜಿ ಮೊದಲು ಕಪ್ಪೆಗೆ ಸಲ್ಲಬೇಕು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆಯುವುದೂ ಮಳೆಗಾಲದಲ್ಲೇ, ಕಪ್ಪೆ ಮೊಟ್ಟೆ ಇಡುವುದೂ ಮಳೆಗಾಲದಲ್ಲೇ. ಅದರಲ್ಲಿರುವ ತಾಮ್ರ ಗೊದಮೊಟ್ಟೆಗಳಿಗೆ ವಿಷ. ಉಳಿದ ದ್ರಾವಣ, ಡ್ರಮ್ಮು ತೊಳೆದ ನೀರು ಹಳ್ಳಕ್ಕೆ ಹೋಗದಂತೆ ನೋಡಿಕೊಳ್ಳಲು ಮಕ್ಕಳು ಮನೆಯಲ್ಲಿ ಹೇಳಲಿ.

ಜುಲೈ ಸಂಚಿಕೆಯಲ್ಲಿ ಕುಂಬಾರ ಕಪ್ಪೆಗೆ ನಾಲ್ಕು ಪುಟ ಕೊಡುತ್ತೇವೆ. ನಿಮ್ಮೂರ ಹಳ್ಳದ ದಂಡೆಯಲ್ಲಿ ಮಕ್ಕಳು ಕೇಳಿದ ಕಪ್ಪೆ ಕೂಗುಗಳನ್ನು ಬರೆಸಿ ಕಳಿಸಿ.